2016ರ ವ್ಯಾಗನ್‌ಆರ್, 41 ಸಾವಿರ ಕಿ.ಮೀ., 3.35 ಲಕ್ಷ: ಭಾನುವಾರ ನೋಡಲು ಹೋಗುತ್ತಿದ್ದೇನೆ, ಏನೇನು ನೋಡಬೇಕು?

ತಿಪಟೂರು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಅಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ತಿಂಗಳಿಗೆ ಎರಡು ಸಲ ತುಮಕೂರಿಗೆ ಕರೆದುಕೊಂಡು ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತುವಾಗ ಅವರ ಮುಖ ನೋಡಲು ಆಗುವುದಿಲ್ಲ. ಹಾಗಾಗಿ ಒಂದು ಹಳೆ ಕಾರು ತಗೊಳ್ಳೋಣ ಅಂತ ತೀರ್ಮಾನ ಮಾಡಿದೆ. ಸೀಟು ಎತ್ತರ ಇರುವ ಗಾಡಿ ಬೇಕು, ಅದಕ್ಕೇ ವ್ಯಾಗನ್‌ಆರ್.

ಬೆಂಗಳೂರಿನ ಒಬ್ಬ ಬ್ರೋಕರ್ ಹತ್ತಿರ ಒಂದು ಗಾಡಿ ಇದೆ. 2016ರ ಪೆಟ್ರೋಲ್, ಎರಡನೇ ಓನರ್, ಕೆಎ 03 ನಂಬರ್. ಮೀಟರಿನಲ್ಲಿ 41,200 ಕಿ.ಮೀ. ಇದೆ. 3.35 ಲಕ್ಷ ಹೇಳುತ್ತಿದ್ದಾರೆ. ಫೋಟೋದಲ್ಲಿ ಹೊಸ ಗಾಡಿ ಹಾಗೆ ಹೊಳೆಯುತ್ತಿದೆ. ಡಾಕ್ಟರ್ ಒಬ್ಬರು ಮನೆಯಿಂದ ಆಸ್ಪತ್ರೆಗೆ ಮಾತ್ರ ಓಡಿಸಿದ್ದಂತೆ. ಇನ್ನೂ ಇಬ್ಬರು ಕೇಳುತ್ತಿದ್ದಾರೆ, ಇವತ್ತೇ 20 ಸಾವಿರ ಅಡ್ವಾನ್ಸ್ ಹಾಕಿ ಅಂತ ಬೆಳಗ್ಗೆಯಿಂದ ಮೂರು ಸಲ ಫೋನ್ ಬಂತು.

ನನಗೆ ಓಡಿಸಲು ಬರುತ್ತದೆ. ಬಾನೆಟ್ ಒಳಗೆ ಏನೂ ಗೊತ್ತಿಲ್ಲ. ಚೀಟಿ ಎತ್ತಿದ ದುಡ್ಡು ಇದು, ಮತ್ತೆ ಸೇರಿಸಲು ಮೂರು ವರ್ಷ ಬೇಕು. ದಯವಿಟ್ಟು ಗೊತ್ತಿರುವವರು ಹೇಳಿ.

ಶಿವಮೊಗ್ಗ ಗ್ಯಾರೇಜ್

ಮೇಡಂ, ಅಡ್ವಾನ್ಸ್ ಹಾಕಬೇಡಿ. ಗಾಡಿ ಮುಟ್ಟಿ ನೋಡುವ ತನಕ ಒಂದು ರೂಪಾಯಿಯೂ ಬೇಡ. ಇನ್ನಿಬ್ಬರು ಇದ್ದರೆ ಅವರೇ ತಗೊಳ್ಳಲಿ.

ನಾನು ಶಿವಮೊಗ್ಗದಲ್ಲಿ 23 ವರ್ಷದಿಂದ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ತಿಂಗಳಿಗೆ ಮೂರು ನಾಲ್ಕು ಜನ ಹಳೆ ಗಾಡಿ ತಗೊಂಡು ಬಂದು "ಅಣ್ಣಾ, ಒಂದ್ಸಲ ನೋಡಿ" ಅನ್ನುತ್ತಾರೆ. ದುಡ್ಡು ಕೊಟ್ಟ ಮೇಲೆ ತೋರಿಸುತ್ತಾರೆ. ಆಗ ನಾನು ಏನು ಹೇಳಿದರೂ ಅವರಿಗೆ ಸಂಕಟವೇ. ನೀವು ಮೊದಲೇ ಕೇಳಿದ್ದು ನೋಡಿ ಸಂತೋಷವಾಯಿತು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಬೆಳಗ್ಗೆ ಹೋಗಿ. ಹಿಂದಿನ ದಿನವೇ ಫೋನ್ ಮಾಡಿ, "ನಾನು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ" ಅನ್ನಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿರಬೇಕು. ಬಿಸಿ ಇಂಜಿನ್ ತನ್ನ ಕಾಯಿಲೆ ಎಲ್ಲ ಮುಚ್ಚಿಕೊಳ್ಳುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಹೇಗಿದೆ, ಏನಾದರೂ ಸದ್ದು ಬರುತ್ತಾ, ಹೊಗೆ ಬರುತ್ತಾ, ಎಲ್ಲ ಗೊತ್ತಾಗುತ್ತದೆ. ಜೊತೆಗೆ ಬಂದವರು ಒಬ್ಬರು ಸೈಲೆನ್ಸರ್ ಹಿಂದೆ ನಿಂತಿರಲಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಬೆಳಗಿನ ಚಳಿಗೆ ಸ್ವಲ್ಪ ಬಿಳಿ ಆವಿ ಬಂದು ನಿಂತರೆ ಭಯ ಬೇಡ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್, ಅಂದರೆ ಇಂಜಿನ್ ತಂಪಿಡುವ ದ್ರವ, ಇಂಜಿನ್ ಒಳಗೆ ಹೋಗುತ್ತಿರಬಹುದು. ಅಂಥದ್ದು ಬಿಟ್ಟು ಬನ್ನಿ.

ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಭಾಗ ನೋಡಿ. ಕಾಫಿಗೆ ಹಾಲು ಬೆರೆಸಿದ ಬಣ್ಣದ ಕೆನೆ ಮೆತ್ತಿಕೊಂಡಿದ್ದರೆ ಆಯಿಲಿಗೆ ನೀರು ಸೇರಿದೆ ಅಂತ ಅನುಮಾನ ಪಡಬೇಕು. ಆಯಿಲ್ ಕಪ್ಪಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಬದಲಾಯಿಸುವ ವಸ್ತು. ರೇಡಿಯೇಟರ್ ಮುಚ್ಚಳ ಮಾತ್ರ ತಣ್ಣಗಿದ್ದಾಗಲೇ ತೆಗೆಯಬೇಕು. ಬಿಸಿ ಇದ್ದಾಗ ತೆಗೆದರೆ ಮುಖಕ್ಕೆ ಕುದಿನೀರು ಹಾರುತ್ತದೆ. ಅದರೊಳಗೆ ಬಣ್ಣದ ಕೂಲೆಂಟ್ ಇರಬೇಕು. ಬರೀ ನಲ್ಲಿ ನೀರು, ತುಕ್ಕು ಬಣ್ಣ ಕಂಡರೆ ಗಾಡಿಯನ್ನು ಸರಿಯಾಗಿ ನೋಡಿಕೊಂಡಿಲ್ಲ.

ಕೀ ತಿರುಗಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಮೀಟರ್ ನೋಡಿ. ಇಂಜಿನ್ ಲೈಟ್, ಆಯಿಲ್ ಲೈಟ್, ಏರ್‌ಬ್ಯಾಗ್ ಇದ್ದರೆ ಅದರ ಲೈಟ್, ಎಲ್ಲ ಉರಿಯಬೇಕು, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಆರದೇ ಇರುವ ಲೈಟಿನಷ್ಟೇ ಉರಿಯದೇ ಇರುವ ಲೈಟೂ ತೊಂದರೆ. ಬಲ್ಬ್ ಕಿತ್ತು ಹಾಕಿದ ಗಾಡಿಗಳನ್ನು ನಾನೇ ಬಿಚ್ಚಿ ನೋಡಿದ್ದೇನೆ.

ಈಗ ಬಹಳ ಮುಖ್ಯವಾದ ಮಾತು. ಹೊಳಪು ನೋಡಬೇಡಿ, ತಾರೀಖು ನೋಡಿ. ಒಂದು ಕಾರಿನ ಮೈಮೇಲೆ ಹತ್ತು ಕಡೆ ತಾರೀಖು ಇರುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಇದ್ದು ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಪ್ರತಿ ಗಾಜಿನ ಮೂಲೆಯಲ್ಲಿ ಕಂಪನಿ ಹೆಸರಿನ ಜೊತೆ ತಯಾರಿಯ ಗುರುತು ಇರುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಬುಡದಲ್ಲಿ ಲೇಬಲ್ ಸಿಗುತ್ತದೆ. 2016ರ ಗಾಡಿಯಲ್ಲಿ ಐದು ಗಾಜು ಒಂದೇ ಕಾಲದ್ದಾಗಿದ್ದು ಒಂದು ಮಾತ್ರ 2019ರದ್ದಾದರೆ, ಆ ಕಡೆ ಏನೋ ಆಗಿದೆ. ಕಲ್ಲು ಬಿದ್ದು ಗಾಜು ಹೋಗಿರಬಹುದು, ಗಾಡಿ ಪಲ್ಟಿಯೂ ಆಗಿರಬಹುದು. ಕೇಳಿ. ಉತ್ತರ ಕೊಡುವಾಗ ಅವರ ಮುಖ ನೋಡಿ.

ಆ ಕಡೆಯ ಬಾಗಿಲ ಬೋಲ್ಟುಗಳನ್ನೂ ನೋಡಿ. ಕಂಪನಿಯಲ್ಲಿ ಬೋಲ್ಟಿಗೂ ಸೇರಿಸಿ ಬಣ್ಣ ಹೊಡೆದಿರುತ್ತಾರೆ. ಸ್ಪ್ಯಾನರ್ ಬಿದ್ದರೆ ಮೂಲೆಯಲ್ಲಿ ಬಣ್ಣ ಎದ್ದಿರುತ್ತದೆ. ಬಾಗಿಲ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದು ನೋಡಿದರೆ ಕಂಪನಿ ವೆಲ್ಡಿಂಗ್ ಸಣ್ಣ ಸಣ್ಣ ಗುಂಡಿಯ ಹಾಗೆ ಸಾಲಾಗಿ ಕಾಣುತ್ತದೆ. ಅದು ಇಲ್ಲದೆ ನುಣ್ಣಗಿದ್ದರೆ ಟಿಂಕರಿಂಗ್ ಆಗಿದೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟರೆ ಪುಟ್ಟಿ ಹಾಕಿದ ಕಡೆ ಹಿಡಿಯುವುದಿಲ್ಲ. ಬಂಪರಿಗೆ ಇಡಬೇಡಿ, ಅದು ಪ್ಲಾಸ್ಟಿಕ್. ಬಂಪರ್ ಗೀಚಿದ್ದು, ಬಾಗಿಲು ತಗ್ಗಿದ್ದು ಲೆಕ್ಕಕ್ಕಿಲ್ಲ. ಬಾಗಿಲಿನ ಕಂಬ, ಇಂಜಿನ್ ಅಕ್ಕಪಕ್ಕದ ತಗಡು, ಡಿಕ್ಕಿಯ ತಳ, ಇಷ್ಟು ಕಡೆ ಏಟು ಬಿದ್ದಿರಬಾರದು.

ಮೀಟರ್ ಬಗ್ಗೆ. 41 ಸಾವಿರ ಓಡಿದ ಗಾಡಿಯ ಬ್ರೇಕ್ ಪೆಡಲ್ ರಬ್ಬರ್ ಸವೆದು ನುಣ್ಣಗೆ ಆಗಿರುವುದಿಲ್ಲ. ಸ್ಟಿಯರಿಂಗ್, ಗೇರ್ ನಾಬ್, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು, ಇವನ್ನು ಮುಟ್ಟಿ ನೋಡಿ. ನಾಲ್ಕೂ ಟೈರಿನ ತಾರೀಖು, ಸ್ಟೆಪ್ನಿಯ ತಾರೀಖು ಬರೆದುಕೊಳ್ಳಿ. ಕಂಪನಿ ಸರ್ವೀಸ್ ಸೆಂಟರಿನಲ್ಲಿ ಗಾಡಿ ನಂಬರ್ ಹಾಕಿದರೆ ಹಳೆಯ ಸರ್ವೀಸ್ ಎಲ್ಲ ಕಿ.ಮೀ. ಸಮೇತ ಬರುತ್ತದೆ. ಕೆಲವು ಕಡೆ ಮಾಲೀಕರ ಒಪ್ಪಿಗೆ ಕೇಳುತ್ತಾರೆ. ಕೊಡುವುದಿಲ್ಲ ಅಂದರೆ ಅದೂ ಒಂದು ಉತ್ತರವೇ.

ಓಡಿಸುವಾಗ ಹಾಡು ಹಾಕಬೇಡಿ, ಎಸಿ ಮೊದಲು ಆಫ್ ಮಾಡಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತಿ, ಕಟ ಕಟ ಅಂದರೆ ಆಕ್ಸಲ್ ಜಾಯಿಂಟ್ ಹೋಗಿದೆ. ಮೂರನೇ ಗೇರಿನಲ್ಲಿ ನಿಧಾನ ಹೋಗುತ್ತಾ ಜೋರಾಗಿ ಆಕ್ಸಿಲರೇಟರ್ ಒತ್ತಿ. ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ ಮುಗಿದಿದೆ. ಖಾಲಿ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯಬಾರದು. ಹಂಪ್ ಹತ್ತಿಳಿಯುವಾಗ ಕಿವಿ ಕೊಡಿ. ಕೊನೆಗೆ ಎಸಿ ಹಾಕಿ ಹತ್ತು ನಿಮಿಷ ನಿಂತಲ್ಲೇ ಬಿಡಿ, ಬಾನೆಟ್ ಒಳಗಿನ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಿ ನಿಲ್ಲಬೇಕು.

ನೀವು ಎಷ್ಟೇ ನೋಡಿದರೂ ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ. ನಿಮ್ಮ ಊರಿನವರೇ ಆಗಲಿ, ಬ್ರೋಕರ್ ತೋರಿಸಿದವರು ಬೇಡ.

ಬೆಳ್ಳಂದೂರಿನಿಂದ

ಅಕ್ಕ, ಮೇಲೆ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನೀರು.

2022ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಬಿದ್ದ ಮಳೆ ನಿಮಗೆ ನೆನಪಿರಬಹುದು. ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿಹೋಗಿದ್ದವು. ನಾನು 2023ರ ಫೆಬ್ರವರಿಯಲ್ಲಿ ಒಂದು ಸೆಡಾನ್ ತಗೊಂಡೆ. ತೊಳೆದು ಪಾಲಿಶ್ ಮಾಡಿ ಘಮ ಘಮ ಅನ್ನುವ ಹಾಗೆ ಇಟ್ಟಿದ್ದರು. ನಾಲ್ಕು ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ದಿನ ಪವರ್ ವಿಂಡೋ, ಇನ್ನೊಂದು ದಿನ ಹಾರ್ನ್. ಕೊನೆಗೆ ಸಿಲ್ಕ್ ಬೋರ್ಡ್ ಹತ್ತಿರ ನಡುರಸ್ತೆಯಲ್ಲಿ ಆಫ್ ಆಯಿತು. ಹಿಂದೆ ಮಗಳು ಕೂತಿದ್ದಳು. ಗ್ಯಾರೇಜಿನವರು ಕಾರ್ಪೆಟ್ ಎತ್ತಿದರೆ ಕೆಳಗೆ ಒಣಗಿದ ಕೆಸರು. ವೈರಿಂಗ್ ಪೂರ್ತಿ ಬದಲಾಯಿಸಬೇಕು ಅಂದರು. ಮಾರಿದವರು ಫೋನ್ ಎತ್ತಲೇ ಇಲ್ಲ.

ಅದಕ್ಕೇ ಹೇಳುತ್ತೇನೆ. ಸೀಟ್ ಬೆಲ್ಟ್ ಕೊನೆಯ ತನಕ ಎಳೆಯಿರಿ, ಕೆಸರಿನ ಗೆರೆ ಇದೆಯಾ ನೋಡಿ. ಸೀಟಿನ ಕೆಳಗಿನ ಹಳಿಗಳಿಗೆ ಕೈಹಾಕಿ, ತುಕ್ಕು ಇದೆಯಾ ನೋಡಿ. ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆಯಿರಿ. ಒಳಗೆ ಸುಗಂಧ ಜಾಸ್ತಿ ಹೊಡೆದಿದ್ದರೆ ಗಾಜು ಮುಚ್ಚಿ ಐದು ನಿಮಿಷ ಒಳಗೆ ಕೂತುಕೊಳ್ಳಿ, ಮುಗ್ಗಲು ವಾಸನೆ ಮೆಲ್ಲಗೆ ಮೇಲೆ ಬರುತ್ತದೆ.

ಹಳೆಯ ಇನ್ಶೂರೆನ್ಸ್ ಕ್ಲೇಮ್ ವಿವರವನ್ನೂ ಕೇಳಿ. ರಿಪೇರಿ ಖರ್ಚು ಗಾಡಿಯ ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) 75% ದಾಟಿದರೆ ಇನ್ಶೂರೆನ್ಸ್‌ನವರು ಅದನ್ನು ಪೂರ್ತಿ ನಷ್ಟ ಅಂತ ಲೆಕ್ಕ ಹಾಕುತ್ತಾರೆ. ಅಂಥ ಗಾಡಿ ಗುಜರಿ ಬೆಲೆಗೆ ಕೈ ಬದಲಾಗಿ, ಬಣ್ಣ ಬಳಿದುಕೊಂಡು ಮತ್ತೆ ಮಾರಾಟಕ್ಕೆ ಬರುವುದುಂಟು.

ಹಾಸನ ಇನ್ಶೂರೆನ್ಸ್

ಟೀಚರ್, ನಾನು ಕಾಗದದ ಕಡೆ ಮಾತ್ರ ಹೇಳುತ್ತೇನೆ. ಇದು ನಮ್ಮ ಮನೆಯಲ್ಲಿ ಪೆಟ್ಟು ಕೊಟ್ಟ ವಿಷಯ. ನಮ್ಮ ತಂದೆ 2011ರಲ್ಲಿ ಓಮ್ನಿ ಮಾರಿದರು. ಫಾರಂಗಳಿಗೆ ಸಹಿ ಹಾಕಿ ಕೊಟ್ಟು ಸುಮ್ನೆ ಆಗಿಬಿಟ್ಟರು. ತಗೊಂಡವನು ಹೆಸರು ಬದಲಾಯಿಸಲೇ ಇಲ್ಲ. 2014ರಲ್ಲಿ ಯಾವುದೋ ಅಪಘಾತಕ್ಕೆ ನಮ್ಮ ಮನೆಗೆ ಕೋರ್ಟ್ ನೋಟಿಸ್ ಬಂತು. ಮೂರು ವರ್ಷ ಅಲೆದರು. ಇಂಥ ಕೇಸಿನಲ್ಲಿ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ನೀವು ಕೊಳ್ಳುವವರು, ಆದರೂ ಇದು ನಿಮಗೂ ಬೇಕಾದ ಮಾತು. ದುಡ್ಡು ಕೊಟ್ಟು, ಹೆಸರು ಬರದಿದ್ದರೆ ಗಾಡಿ ನಿಮ್ಮದಲ್ಲ.

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಎಷ್ಟನೇ ಓನರ್, ಇನ್ಶೂರೆನ್ಸ್ ಯಾವತ್ತಿನ ತನಕ, ಸಾಲ ಇದೆಯಾ, ಎಲ್ಲ ಸಿಗುತ್ತದೆ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಮತ್ತು ಫಾರಂ 35 ಬೇಕು, ಎಚ್‌ಪಿ, ಅಂದರೆ ಆರ್‌ಸಿಯಲ್ಲಿರುವ ಸಾಲದ ನಮೂದು, ಕ್ಯಾನ್ಸಲ್ ಆಗಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಆರ್‌ಸಿಯಲ್ಲಿರುವ ಚಾಸಿ ನಂಬರ್, ಇಂಜಿನ್ ನಂಬರ್ ಗಾಡಿಯ ಮೇಲಿನದಕ್ಕೆ ಒಂದೊಂದು ಅಕ್ಷರವೂ ಹೊಂದಬೇಕು. ಹೆಸರು ಇರುವ ಮಾಲೀಕರನ್ನೇ ಭೇಟಿ ಮಾಡಿ. ಬ್ರೋಕರ್ ತಪ್ಪಿಸುತ್ತಿದ್ದರೆ ಯಾಕೆ ಅಂತ ಕೇಳಿ.

ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಆಗಲು 14 ದಿನದ ಒಳಗೆ ಅರ್ಜಿ ಕೊಡಬೇಕು. ಬ್ರೋಕರ್‌ಗಳು "50% ನೋ ಕ್ಲೇಮ್ ಬೋನಸ್ ಇದೆ" ಅಂತ ಬೆಲೆ ಏರಿಸುತ್ತಾರೆ. ಅದು ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಆ ಬೋನಸ್ ಮನುಷ್ಯನದ್ದು, ಗಾಡಿಯದ್ದಲ್ಲ. ನಿಮಗೆ ಬರುವುದಿಲ್ಲ. ಟ್ರಾಫಿಕ್ ದಂಡ ಬಾಕಿ ಇದ್ದರೆ ಅವರ ಕೈಯಲ್ಲೇ ಕಟ್ಟಿಸಿ. ಅವರ ಫಾಸ್ಟ್ಯಾಗ್ ಮುಚ್ಚಿಸಿ ನಿಮ್ಮದು ಹಾಕಿಸಿ.

ಕೆಎ 03 ಆದ್ದರಿಂದ ಮತ್ತೆ ಲೈಫ್ ಟ್ಯಾಕ್ಸ್ ಇಲ್ಲ. ಯಾರಾದರೂ ದೆಹಲಿ ಗಾಡಿ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಯೋಚಿಸಿ. ಅಲ್ಲಿ ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಅಂತ ಮಿತಿ ಬಂದ ಮೇಲೆ ತುಂಬಾ ಗಾಡಿಗಳು ಈ ಕಡೆ ಇಳಿದವು. ಎನ್‌ಒಸಿ ತಂದು, ಇಲ್ಲಿ ಟ್ಯಾಕ್ಸ್ ಕಟ್ಟಿ, ಹೊಸ ನಂಬರ್ ತಗೊಳ್ಳುವ ಹೊತ್ತಿಗೆ ಉಳಿತಾಯ ಕರಗಿರುತ್ತದೆ.

ತಿಪಟೂರು ಟೀಚರ್

ಮೂವರಿಗೂ ತುಂಬಾ ಧನ್ಯವಾದ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಅಡ್ವಾನ್ಸ್ ಹಾಕಿಲ್ಲ. ಬ್ರೋಕರ್ ಇನ್ನೂ ಫೋನ್ ಮಾಡುತ್ತಲೇ ಇದ್ದಾರೆ, ಅಂದರೆ ಆ ಇನ್ನಿಬ್ಬರು ಇನ್ನೂ ತಗೊಂಡಿಲ್ಲ ಅಲ್ವಾ? ಗ್ಯಾರೇಜ್ ಅಣ್ಣಾ, ಟೈರಿನ ಫೋಟೋ ತರಿಸಿಕೊಂಡೆ. ನಾಲ್ಕರಲ್ಲೂ 2220 ಅಂತ ಇದೆ. ಇದರ ಅರ್ಥ ಏನು?

ಶಿವಮೊಗ್ಗ ಗ್ಯಾರೇಜ್

2020ರ 22ನೇ ವಾರದ ಟೈರ್. ನಾಲ್ಕೂ ಒಟ್ಟಿಗೆ ಬದಲಾಗಿವೆ. ಕಂಪನಿ ಟೈರ್ ಸುಮಾರು 40, 50 ಸಾವಿರ ಕಿ.ಮೀ. ಬರುತ್ತದೆ. ಗಾಡಿ ಇವತ್ತಿಗೆ 41 ಸಾವಿರ ಮಾತ್ರ ಓಡಿದ್ದರೆ 2020ರ ಹೊತ್ತಿಗೆ ನಾಲ್ಕನ್ನೂ ಯಾಕೆ ಬದಲಾಯಿಸಿದರು? ಬೇರೆ ಕಾರಣ ಇರಬಹುದು, ಇದೊಂದರಿಂದಲೇ ಸುಳ್ಳು ಅನ್ನಬೇಡಿ. ಆದರೆ ಸರ್ವೀಸ್ ದಾಖಲೆ ನೋಡದೆ ಮುಂದೆ ಹೋಗಬೇಡಿ.

ತಿಪಟೂರು ಟೀಚರ್ (ಭಾನುವಾರ ರಾತ್ರಿ)

ಹೋಗಿ ಬಂದೆವು. ನಮ್ಮೂರಿನ ಮೆಕ್ಯಾನಿಕ್ ಜೊತೆಗೆ ಬಂದಿದ್ದರು. ಎಂಟು ಗಂಟೆಗೆ ಮುಟ್ಟಿದಾಗ ಬಾನೆಟ್ ಬೆಚ್ಚಗಿತ್ತು. ತೊಳೆಯಲು ಹೊರಗೆ ತೆಗೆದೆವು ಅಂದರು. ಎಡಗಡೆ ಹಿಂದಿನ ಬಾಗಿಲಿನ ಗಾಜು ಮಾತ್ರ 2019ರದ್ದು. ಅದೇ ಬಾಗಿಲಿನ ಬೋಲ್ಟಿನಲ್ಲಿ ಬಣ್ಣ ಎದ್ದಿತ್ತು. ಒಳಗಿನ ಕಂಬಕ್ಕೆ ಅಯಸ್ಕಾಂತ ಇಟ್ಟೆ, ಜಾರಿ ಬಿತ್ತು. ಬ್ರೇಕ್ ಪೆಡಲ್ ರಬ್ಬರ್ ಹೊಚ್ಚ ಹೊಸದು, ಪಕ್ಕದ ಕ್ಲಚ್ ಪೆಡಲ್ ಸವೆದು ಕಬ್ಬಿಣ ಕಾಣುತ್ತಿತ್ತು.

ಆರ್‌ಸಿಯಲ್ಲಿರುವ ಮಾಲೀಕರ ಜೊತೆ ಮಾತಾಡಲೇಬೇಕು ಅಂತ ಹಟ ಹಿಡಿದೆ. ಬಹಳ ಹೊತ್ತಿನ ಮೇಲೆ ನಂಬರ್ ಕೊಟ್ಟರು. ಆ ಮನುಷ್ಯ ಒಳ್ಳೆಯವರು. ಅವರು ಗಾಡಿಯನ್ನು ಬ್ರೋಕರಿಗೆ ಕೊಟ್ಟು ಎರಡು ತಿಂಗಳಾಗಿದೆಯಂತೆ. ಸರ್ವೀಸ್ ವಿವರ ತಮ್ಮ ಫೋನಿನಿಂದಲೇ ಕಳಿಸಿದರು. 2021ರ ಜನವರಿಯಲ್ಲಿ 67,840 ಕಿ.ಮೀ. ಅಂತ ಇದೆ. ಅದನ್ನು ಬ್ರೋಕರಿಗೆ ತೋರಿಸಿದೆ. ಏನೂ ಹೇಳಲಿಲ್ಲ. 40 ಸಾವಿರ ಕಡಿಮೆ ಮಾಡುತ್ತೇನೆ ಅಂದರು. ಎದ್ದು ಬಂದೆವು.

ದುಡ್ಡು ಉಳಿಯಿತು, ನಿಜ. ಆದರೆ ಮನಸ್ಸಿಗೆ ಬೇಜಾರಾಗಿದೆ. ಅಮ್ಮ ಬಾಗಿಲಲ್ಲೇ ಕೂತು ಕಾಯುತ್ತಿದ್ದರು.

ಶಿವಮೊಗ್ಗ ಗ್ಯಾರೇಜ್

ಬೇಜಾರು ಬೇಡ ಮೇಡಂ. ಕಂಬಕ್ಕೆ ಪುಟ್ಟಿ ಹಾಕಿದ ಗಾಡಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗುವುದು ತಪ್ಪಿತು.

ಒಂದು ವಿಷಯ ಹೇಳುತ್ತೇನೆ. ಕಿ.ಮೀ. ಜಾಸ್ತಿ ಆಯಿತು ಅಂತ ಗಾಡಿ ಕೆಡುವುದಿಲ್ಲ. ಹೊತ್ತು ಹೊತ್ತಿಗೆ ಆಯಿಲ್ ಬದಲಾಯಿಸಿದ ಈ ಇಂಜಿನ್‌ಗಳು ಒಂದೂವರೆ ಲಕ್ಷ ದಾಟಿ ನನ್ನ ಗ್ಯಾರೇಜಿಗೆ ಬರುತ್ತವೆ, ಇನ್ನೂ ಗಟ್ಟಿಯಾಗಿವೆ. ಇದೇ ಗಾಡಿಗೆ ಏಟು ಬೀಳದೆ, "90 ಸಾವಿರ ಓಡಿದೆ, ಕ್ಲಚ್ ಹಾಕಿಸಬೇಕು" ಅಂತ ನಿಜ ಹೇಳಿದ್ದರೆ ನಾನೇ ತಗೊಳ್ಳಿ ಅನ್ನುತ್ತಿದ್ದೆ. ಮುಂದೆ ಹುಡುಕುವಾಗ ಕಡಿಮೆ ಕಿ.ಮೀ. ಹುಡುಕಬೇಡಿ. ಬಿಲ್ ಇಟ್ಟುಕೊಂಡಿರುವ ಮಾಲೀಕರನ್ನು ಹುಡುಕಿ. ನಿಮ್ಮ ಸಹೋದ್ಯೋಗಿಗಳಿಗೆ, ಬ್ಯಾಂಕಿನವರಿಗೆ, ಪೆನ್ಷನ್ ತಗೊಳ್ಳುವವರಿಗೆಲ್ಲ ಹೇಳಿಟ್ಟಿರಿ.

ತಿಪಟೂರು ಟೀಚರ್ (ಆರು ವಾರದ ನಂತರ)

ಗಾಡಿ ಸಿಕ್ಕಿತು! ಅರಸೀಕೆರೆಯಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರದ್ದು. 2015ರ ವ್ಯಾಗನ್‌ಆರ್, ಒಂದೇ ಓನರ್, 78 ಸಾವಿರ ಕಿ.ಮೀ., 2.60 ಲಕ್ಷ. ಎಲ್ಲಾ ಸರ್ವೀಸ್ ಬಿಲ್ಲುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ವರ್ಷವಾರು ಕಟ್ಟಿಟ್ಟಿದ್ದರು. "ಬಾಗಿಲು ಗೇಟಿಗೆ ತಾಗಿತ್ತು, ಎಸಿ ಸ್ವಲ್ಪ ಕಡಿಮೆ, ಕ್ಲಚ್ ಇನ್ನೊಂದು ವರ್ಷ ಬರಬಹುದು ಅಷ್ಟೇ" ಅಂತ ನಾನು ಕೇಳುವ ಮೊದಲೇ ಹೇಳಿದರು. ಬಾನೆಟ್ ತಣ್ಣಗಿತ್ತು. ಗಾಜು ಎಲ್ಲ ಒಂದೇ ಕಾಲದ್ದು. ಮೆಕ್ಯಾನಿಕ್ ಒಂದು ಗಂಟೆ ನೋಡಿ ಸರಿ ಅಂದರು.

25 ಸಾವಿರ ಹಿಡಿದಿಟ್ಟು, ಆರ್‌ಸಿ ನನ್ನ ಹೆಸರಿಗೆ ಬಂದ ದಿನ ಕೊಟ್ಟೆ. ಅವರೇ ಅದಕ್ಕೆ ಒಪ್ಪಿ ಬರೆದುಕೊಂಡರು. ಇನ್ಶೂರೆನ್ಸ್ ವರ್ಗಾವಣೆಯೂ ಆಯಿತು. ರಿಜಿಸ್ಟ್ರೇಷನ್ 15 ವರ್ಷಕ್ಕೆ, ಅಂದರೆ 2030ರ ತನಕ ಇದೆ.

ಬರುವ ಬುಧವಾರ ತುಮಕೂರಿಗೆ ಮೊದಲ ಸಲ ಹೋಗುತ್ತಿದ್ದೇವೆ. ಅಣ್ಣಾ, ಅದಕ್ಕೆ ಮುಂಚೆ ಏನಾದರೂ ಮಾಡಿಸಬೇಕಾ? ಸ್ಟೆಪ್ನಿ ಇನ್ನೂ 2015ರದ್ದೇ, ಒಂದು ಸಲವೂ ಬಳಸಿಲ್ಲ.

ಶಿವಮೊಗ್ಗ ಗ್ಯಾರೇಜ್

ಓದಿ ತುಂಬಾ ಖುಷಿಯಾಯಿತು. ಸ್ಟೆಪ್ನಿ ಬದಲಾಯಿಸಿ, ಬಳಸದಿದ್ದರೂ ಇಷ್ಟು ವರ್ಷಕ್ಕೆ ರಬ್ಬರ್ ಒಣಗಿರುತ್ತದೆ. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್, ಇಷ್ಟು ಬುಧವಾರದ ಮುಂಚೆ ಮಾಡಿಸಿ. ಹೋದ ಸಲ ಯಾವಾಗ ಮಾಡಿಸಿದ್ದು ಅಂತ ಡಬ್ಬಿಯಲ್ಲಿ ಬಿಲ್ ಇದ್ದರೂ ಪರವಾಗಿಲ್ಲ, ನಿಮ್ಮ ಲೆಕ್ಕ ಇಲ್ಲಿಂದ ಶುರುವಾಗಲಿ. ಕ್ಲಚ್ ಈಗಲೇ ಬೇಡ.

ಅಮ್ಮನಿಗೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಕೊಡಿ. ಹೊರಗಿನಿಂದಲೇ ಬೆನ್ನು ತಿರುಗಿಸಿ ಮೊದಲು ಕೂರಲಿ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತರಲಿ. ನಮ್ಮ ತಾಯಿಗೂ ಮಂಡಿ ಆಪರೇಷನ್ ಆದಾಗ ಹಾಗೇ ಮಾಡಿಸುತ್ತಿದ್ದೆ.